ಮೂರು ಮೈಲಿಯ ಗುರುತು

ಫೀನಾಳನ್ನು ಗೋಳು ಹೊಯ್ದುಕೊಳ್ಳುವುದು ನನ್ನ ಹಕ್ಕಾಗಿತ್ತು. ಅವಳು ನನ್ನ ಸೋದರಮಾವನ ಮಗಳು. ಉತ್ತರದ ಹಿಮನಾಡಿನ ನಮ್ಮ ಯೂಪಿಕ್ ಜನರಲ್ಲಿ ಅತ್ತೆಯ ಮಕ್ಕಳು, ಮಾವನ ಮಕ್ಕಳು ಒಬ್ಬರ ಕಾಲು ಒಬ್ಬರು ಎಳೆಯದಿದ್ದರೆ ಆ ಎರಡು ಮನೆಗಳ ನಡುವೆ ಏನೋ ಕೆಟ್ಟಿದೆ ಎಂದು ಊರು ಮಾತಾಡಿಕೊಳ್ಳುತ್ತದೆ. ಏನಂದರೂ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಸಿಟ್ಟು ಬಂದವರು ಸೋತ ಹಾಗೆ. ಐವತ್ತು ವರ್ಷ ನಾನೂ ಅವಳೂ ಹೀಗೇ ಬದುಕಿದೆವು. ಅವಳು ನನ್ನ ಬೊಕ್ಕತಲೆಯನ್ನು ಬಿಡಲಿಲ್ಲ, ನಾನು ಅವಳ ಯಾವುದನ್ನೂ ಬಿಡಲಿಲ್ಲ.

ಅವಳ ಪೂರ್ತಿ ಹೆಸರು ಅಗ್ರಫೀನಾ. ಇಪ್ಪತ್ತೇಳನೆಯ ವಯಸ್ಸಿಗೆ ಊರಿನ ಹವಾಮಾನ ನೋಡುವ ಕೆಲಸಕ್ಕೆ ಸೇರಿದಳು. ವಿಮಾನ ಇಳಿಯುವ ಪಟ್ಟಿಯ ಪಕ್ಕದ ಹಲಗೆ ಗೂಡಿನಿಂದ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ಆಚೆ ಬಂದು ಸುತ್ತ ನೋಡಬೇಕು. ಇಗರ್ಜಿಯ ಶಿಲುಬೆ ಅರ್ಧ ಮೈಲಿ, ಹಳೇ ಎಣ್ಣೆ ಟ್ಯಾಂಕು ಒಂದು ಮೈಲಿ, ನದಿಯ ಮೇಲ್ಗಡೆ ಅವಳ ಅಪ್ಪ ಕಟ್ಟಿದ ಮೀನು ಒಣಗಿಸುವ ಚಪ್ಪರ ಮೂರು ಮೈಲಿ. ಯಾವುದು ಕಂಡಿತೋ ಅದನ್ನು ಅಕ್ಷರ, ಅಂಕಿಗಳ ಒಂದೇ ಒಂದು ಸಾಲಾಗಿ ಬರೆದು ಪೇಟೆಯ ವಿಮಾನ ನಿಲ್ದಾಣಕ್ಕೆ ರೇಡಿಯೋದಲ್ಲಿ ಓದಬೇಕು. ಅವಳು ಒಂದು ಮೈಲಿ ಅಂದರೆ ವಿಮಾನ ಬರುತ್ತದೆ, ಮುಕ್ಕಾಲು ಅಂದರೆ ಬರುವುದಿಲ್ಲ. ನಮ್ಮೂರಿಗೆ ರಸ್ತೆಯಿಲ್ಲ. ಹಾಗಾಗಿ ಅವಳ ಬಾಯಿಂದ ಬಿದ್ದ ಅಂಕಿಯೇ ನಮಗೆ ಹಾಲು, ಔಷಧ, ಕಾಗದ, ಶವಪೆಟ್ಟಿಗೆ.

ನಾನು, ನಿಕಿಫರ್, ಅದೇ ಪಟ್ಟಿಯಲ್ಲಿ ವಿಮಾನ ಕಂಪನಿಯ ಊರ ಏಜೆಂಟ್. ಹಿಮಗಾಡಿಗೆ ಜಾರುಬಂಡಿ ಕಟ್ಟಿಕೊಂಡು ಹೋಗಿ ಸಾಮಾನು ಇಳಿಸುವವನು. ದೊಡ್ಡ ಹುದ್ದೆಯೇನಲ್ಲ, ಆದರೆ ಸಾಮಾನು ಬರದಿದ್ದರೆ ಜನ ಬಯ್ಯುವುದು ನನ್ನನ್ನೇ.

ಇಪ್ಪತ್ತಾರು ವರ್ಷದ ಹಿಂದೆ, ಹಳೇ ಪಂಚಾಂಗದಂತೆ ಜನವರಿಯಲ್ಲಿ ಬರುವ ನಮ್ಮ ಕ್ರಿಸ್ಮಸ್ಸಿಗೆ ಎರಡು ದಿನ ಇತ್ತು. ನಕ್ಷತ್ರ ಹೊತ್ತು ಹಾಡುತ್ತ ಮನೆಮನೆಗೆ ಬರುವವರಿಗೆ ಹಂಚಬೇಕಾದ ಕಿತ್ತಳೆ, ಮಿಠಾಯಿ, ಕಾಲುಚೀಲ ಎಲ್ಲ ಪೇಟೆಯಲ್ಲಿ ನಾಲ್ಕು ದಿನದಿಂದ ಮಂಜಿಗೆ ಸಿಕ್ಕಿ ಕೂತಿದ್ದವು. ಊರಿನ ಹೆಂಗಸರೆಲ್ಲ ನನ್ನ ತಲೆ ತಿನ್ನುತ್ತಿದ್ದರು. ನಾನು ಫೀನಾಳ ಗೂಡಿಗೆ ಹೋದೆ.

"ಎಷ್ಟು ಅಂತ ಬರೀತೀಯ?"

"ಮುಕ್ಕಾಲು. ಟ್ಯಾಂಕು ಕಾಣ್ತಿಲ್ಲ."

"ನಂಗೆ ಕಾಣ್ತಿದೆಯಲ್ಲ."

"ನಿಂಗೆ ಕಿತ್ತಳೆ ಕಾಣ್ತಿದೆ, ಟ್ಯಾಂಕಲ್ಲ."

"ಸರಿಯಾಗಿ ನೋಡೇ. ಕಪ್ಪಗೆ, ಅಲ್ಲಿ. ನಿನ್ನ ಕಣ್ಣಿಗೆ ವಯಸ್ಸಾಯ್ತು."

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ನೋಡಬೇಕೆಂದು ನೋಡಿದರೆ ಮಂಜಿನಲ್ಲಿ ಏನು ಬೇಕಾದರೂ ಕಪ್ಪಗೆ ಕಾಣುತ್ತದೆ. ಒಂದು ಮೈಲಿ ಎಂದು ಬರೆದಳು.

ವಿಮಾನ ಬಂತು. ಪಟ್ಟಿಗಿಂತ ಇನ್ನೂರು ಗಜ ಈಚೆ ನದಿಯ ದಂಡೆಗೆ ಬಡಿಯಿತು. ಪೈಲಟ್ ಕರ್ಟ್, ಇಪ್ಪತ್ತೈದು ವರ್ಷದವನು, ನಮ್ಮ ಮನೆಯಲ್ಲಿ ಎಷ್ಟೋ ಸಲ ಒಣಮೀನು ತಿಂದವನು, ಅಲ್ಲೇ ಸತ್ತ. ಕಿತ್ತಳೆಗಳನ್ನು ಯಾರೂ ಹೆಕ್ಕಲಿಲ್ಲ. ಕಾಗೆಗಳು ತಿಂದವು. ವಿಚಾರಣೆಗೆ ಬಂದವರಿಗೆ ಫೀನಾ, ಬರೆದಾಗ ಒಂದು ಮೈಲಿ ಇತ್ತು, ಆಮೇಲೆ ಮಂಜು ಕವಿಯಿತು ಎಂದಳು. ನನ್ನನ್ನೂ ಕೇಳಿದರು. ನಾನು ತಲೆಯಾಡಿಸಿದೆ. ನಿಜ ಗೊತ್ತಿದ್ದವರು ನಾವಿಬ್ಬರೇ.

ಒಂದು ವರ್ಷ ಕಳೆದ ಮೇಲೆ ನಾನು ಶುರು ಮಾಡಿದೆ. ಊಟಕ್ಕೆ ಕೂತಾಗ ಅವಳು, "ಸಾರು ಎಷ್ಟು ಹಾಕ್ಲಿ?" ಅಂದರೆ, "ಒಂದು ಮೈಲಿ." ಅವಳು ಮೀನಿನ ಬುಟ್ಟಿ ಹೊತ್ತು ಬಂದರೆ, "ಬಂದಳು ನೋಡ್ರೋ ಒಂದು ಮೈಲಿ ಫೀನಾ." ಅವಳ ಗಿಡ್ಡ ಕಾಲಿನ ನಡಿಗೆಗೆ ಅನ್ನುತ್ತಿದ್ದೇನೆಂದು ಊರೆಲ್ಲ ನಗುತ್ತಿತ್ತು. ಅವಳೂ ನಗುತ್ತಿದ್ದಳು, ನಿಯಮ ಅದೇ ಅಲ್ಲವೇ. ಆ ಸಾವಿನ ಭಾರ ನನ್ನೊಬ್ಬನ ಕೈಲಿ ಹೊರಲಾಗದೆ ಅವಳ ಬೆನ್ನಿಗೆ ಹೇರುತ್ತಿದ್ದೆ ಅಷ್ಟೇ. ಅದಕ್ಕೆ ತಮಾಷೆ ಎಂದು ಹೆಸರಿಟ್ಟುಕೊಂಡಿದ್ದೆ. ಈಗ ನೆನೆದರೆ ನನ್ನ ನಾಲಿಗೆಗೆ ಬರೆ ಹಾಕಬೇಕು ಅನ್ನಿಸುತ್ತದೆ.

ಹತ್ತು ವರ್ಷದ ಹಿಂದೆ ಸರಕಾರದವರು ಪಟ್ಟಿಯ ಪಕ್ಕ ಕಂಬ ನೆಟ್ಟು ಯಂತ್ರ ಕೂರಿಸಿದರು. ಗಾಳಿ, ಮೋಡ, ಮಂಜು ಎಲ್ಲ ಅದೇ ಅಳೆದು ಗಂಟೆಗೊಂದು ಸಾಲು ಕಳಿಸುತ್ತದೆ, ನಡುವೆ ಏನಾದರೂ ತಟ್ಟನೆ ಬದಲಾದರೆ ಇನ್ನೊಂದು. ಫೀನಾಳ ಕೆಲಸ ಹೋಯಿತು. ಶಾಲೆಯ ಅಡುಗೆಮನೆಗೆ ಸೇರಿದಳು. ಆದರೂ ದಿನಾ ಬೆಳಿಗ್ಗೆ ಎದ್ದು ಯಂತ್ರದ ಸಾಲನ್ನು ಫೋನಿನಲ್ಲಿ ಓದಿ, ಬಾಗಿಲಿಗೆ ಬಂದು ಆಕಾಶ ನೋಡಿ, ಹೊಸ ಸೊಸೆಯ ಅಡುಗೆಗೆ ಅತ್ತೆ ಹೆಸರಿಟ್ಟಂತೆ ಹೆಸರಿಡುತ್ತಿದ್ದಳು. "ಅದರ ಕಣ್ಣ ಮುಂದೆ ಇರೋದು ಮೊಳದಷ್ಟು ಗಾಳಿ. ಅಷ್ಟು ನೋಡಿ ಹತ್ತು ಮೈಲಿ ಅನ್ನುತ್ತೆ. ಗಂಡಸರ ಹಾಗೆ."

ಆಮೇಲೆ ಡ್ರೋನ್ ಬಂತು. ಒಂದೇ ಚಳಿಗಾಲದಲ್ಲಿ ಊರಿನ ಇಬ್ಬರು ಹಿಮದ ನದಿಯಲ್ಲಿ ಮುಳುಗಿದರು. ಒಬ್ಬನ ಶವ ವಸಂತದವರೆಗೂ ಸಿಗಲಿಲ್ಲ. ಪಂಚಾಯಿತಿಯವರು ಹುಡುಕುವ ದಳಕ್ಕೆಂದು ಮೈಯ ಬಿಸಿಯನ್ನು ಕಾಣುವ ಕ್ಯಾಮೆರಾ ಇರುವ ಡ್ರೋನ್ ತರಿಸಿದರು. ಹಾರಿಸಲು ಸರಕಾರದ ಪರೀಕ್ಷೆ ಪಾಸಾಗಬೇಕು. ದಳದ ಮುಖ್ಯಸ್ಥ ಡೆಮೆಂಟಿ ಎರಡು ಸಲ ಕೂತು ಎರಡು ಸಲವೂ ಫೇಲಾದ. ಪರೀಕ್ಷೆಯಲ್ಲಿ ಅದೇ ಸಾಲುಗಳನ್ನು ಬಿಡಿಸಿ ಹೇಳಬೇಕಿತ್ತು. ಕೊನೆಗೆ ಐವತ್ತಾರು ವರ್ಷದ ಫೀನಾ ಪೇಟೆಗೆ ಹೋಗಿ ಎರಡೇ ತಪ್ಪು ಮಾಡಿ ಪಾಸಾಗಿ ಬಂದಳು.

"ಎರಡು ತಪ್ಪು ಯಾವ್ದೇ? ಮೈಲಿ ಲೆಕ್ಕವಾ?" ಅಂದೆ. ದಳದವರೆಲ್ಲ ನಕ್ಕರು.

ಅವಳು ಸಾಲು ಓದುವುದನ್ನು ಕೇಳಬೇಕಿತ್ತು. ದಳದವರನ್ನು ಕೂರಿಸಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ಬೆರಳಿಟ್ಟು ಓದುತ್ತಿದ್ದಳು. "ಮೊದಲು ಊರು. ಆಮೇಲೆ ತಾರೀಖು, ಗಂಟೆ. ಇದು ಇಂಗ್ಲೆಂಡಿನ ಗಂಟೆ, ನಮಗಿಂತ ಒಂಬತ್ತು ಮುಂದೆ. ಮಧ್ಯಾಹ್ನ ಮೂರಾದ್ಮೇಲೆ ನೋಡಿದ್ರೆ ಅದು ಆಗಲೇ ನಾಳೆ ಆಗಿರುತ್ತೆ, ಹೆದರ್ಬೇಡಿ. ಇದು ಗಾಳಿ. ಇದು ದೃಷ್ಟಿ, ಎಷ್ಟು ಮೈಲಿ ಕಾಣುತ್ತೆ ಅಂತ. ಇಲ್ಲಿ ಎರಡು ಅಂಕಿ ನೋಡಿ, ಒಂದು ಚಳಿ, ಇನ್ನೊಂದು ಇಬ್ಬನಿ ಕೂರೋ ಚಳಿ. ಎರಡೂ ಒಂದಕ್ಕೊಂದು ಹತ್ತಿರ ಬಂದ್ರೆ ರೆಕ್ಕೆ ಮೇಲೆ ಮಂಜುಗಡ್ಡೆ ಕಟ್ಟುತ್ತೆ, ಡ್ರೋನ್ ಕಲ್ಲಿನ ಹಾಗೆ ಬೀಳುತ್ತೆ."

ಡೆಮೆಂಟಿ ಪೇಟೆಯ ಮುನ್ಸೂಚನೆ ತೋರಿಸಿ, "ಇದ್ರಲ್ಲಿ ಸಂಜೆಗೆ ಒಳ್ಳೇದಿದೆಯಲ್ಲ ಚಿಕ್ಕಮ್ಮ," ಎಂದರೆ, "ಅದು ಅವರ ಪಟ್ಟಿ ಸುತ್ತ ಐದು ಮೈಲಿಗೆ. ನಮ್ಮೂರಿಗೆ ಅದರ ವಾಸನೆ ಅಷ್ಟೇ ಬರೋದು," ಎನ್ನುತ್ತಿದ್ದಳು.

ಒಂದು ನಿಯಮವನ್ನು ಅವಳು ಡ್ರೋನಿನ ಪೆಟ್ಟಿಗೆಯ ಮುಚ್ಚಳದ ಮೇಲೆ ದಪ್ಪಗೆ ಬರೆದಿದ್ದಳು: ಮೂರು ಮೈಲಿ ಕಾಣದಿದ್ದರೆ ಹಾರಿಸಬಾರದು. ಅದು ಸರಕಾರದ ನಿಯಮ. ಆದರೆ ಸರಕಾರ ಹೇಳುವುದು ಹಾರಿಸುವವಳು ನಿಂತ ಜಾಗದಿಂದ ಅವಳ ಕಣ್ಣಿಗೆ ಮೂರು ಮೈಲಿ ಕಾಣಬೇಕು ಅಂತ. ಫೀನಾ ಅದಕ್ಕೆ ತನ್ನದೇ ಒಂದು ಬಾಲ ಸೇರಿಸಿದ್ದಳು. ಯಂತ್ರವೂ ಮೂರು ಎನ್ನಬೇಕು. ಅಷ್ಟು ವರ್ಷ ಯಂತ್ರವನ್ನು ಆಡಿಕೊಂಡವಳು ಪೆಟ್ಟಿಗೆ ತೆರೆಯುವ ಹೊತ್ತಿಗೆ ಅದರ ಅಪ್ಪಣೆ ಕೇಳುತ್ತಿದ್ದಳು. ದಳದವರಿಗೆ ಅದು ವಿಚಿತ್ರ ಅನ್ನಿಸಿತು. ನನಗೆ ಕಾರಣ ಗೊತ್ತಿತ್ತು, ನಾನು ಮಾತ್ರ ಹೇಳಲಿಲ್ಲ.

ಹೋದ ಡಿಸೆಂಬರಿನಲ್ಲಿ ನನ್ನ ಮಗ ಎಫಿಮ್ ನದಿಯ ಹಿಮದಡಿ ಹಾಕಿದ್ದ ಮೀನಿನ ಬಲೆಗಳನ್ನು ನೋಡಿ ಬರುತ್ತೇನೆಂದು ಬೆಳಿಗ್ಗೆ ಏಳಕ್ಕೆ ಹಿಮಗಾಡಿ ಹತ್ತಿದ. ಮೂವತ್ತನಾಲ್ಕು ವರ್ಷದವನು, ಶಾಲೆಯ ಬಾಯ್ಲರ್ ನೋಡಿಕೊಳ್ಳುವವನು, ಒಂಬತ್ತಕ್ಕೆ ಕೆಲಸದಲ್ಲಿರಬೇಕಿತ್ತು. ಒಂಬತ್ತೂವರೆಗೆ ಅವನ ಹೆಂಡತಿ ನನ್ನ ಬಾಗಿಲು ಬಡಿದಳು.

ಡೆಮೆಂಟಿ ಮತ್ತು ಇನ್ನಿಬ್ಬರು ಗಾಡಿಯ ಜಾಡು ಹಿಡಿದು ಹೋದರು. ಎರಡು ಮೈಲಿ ಮೇಲೆ ನದಿ ಮೂರು ಕವಲಾಗುವಲ್ಲಿ ಗಾಳಿ ಜಾಡನ್ನು ಅಳಿಸಿತ್ತು. ಎಫಿಮ್‌ನ ಬಲೆಗಳು ಮೂರು ಕವಲಿನಲ್ಲೂ ಇದ್ದವು. ಮೂರು ಕವಲಿನಲ್ಲೂ ಮಂಜುಗಡ್ಡೆ ಹೊಸದು, ಅಲ್ಲಲ್ಲಿ ನೀರು ಬಾಯ್ತೆರೆದು ಹಬೆಯಾಡುತ್ತಿತ್ತು. ಕಬ್ಬಿಣದ ಮೊನೆಯ ಕೋಲಿನಿಂದ ಹೆಜ್ಜೆಗೊಮ್ಮೆ ಕುಟ್ಟಿಕೊಂಡು ಹೋದರೆ ಒಂದು ಕವಲಿಗೇ ಎರಡು ಗಂಟೆ. ಡೆಮೆಂಟಿ ರೇಡಿಯೋದಲ್ಲಿ ಹೇಳಿದ: "ಚಿಕ್ಕಮ್ಮ, ಯಾವ ಕವಲು ಅಂತ ಮೇಲಿಂದ ನೋಡಿ ಹೇಳಿ. ನಾವು ಇಲ್ಲೇ ನಿಂತಿರ್ತೀವಿ."

ಹನ್ನೊಂದಕ್ಕೆ ಐದು ನಿಮಿಷ ಇತ್ತು, ಆಗಷ್ಟೇ ಬೆಳಕು ಬರುತ್ತಿತ್ತು. ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಶಾಲೆಯ ಹಿಂದಿನ ದಿಬ್ಬದ ಮೇಲೆ ಫೀನಾ ಪೆಟ್ಟಿಗೆ ತೆರೆದು, ಬ್ಯಾಟರಿಯನ್ನು ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು, ಫೋನ್ ನೋಡುತ್ತಿದ್ದಳು. ಆ ಗಂಟೆಯ ಸಾಲು ಬಂತು. ಅವಳು ಓದಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದಳು.

"ಏನಂತೆ?" ಅಂದೆ.

"ಕಾಲು ಮೈಲಿ. ಹೆಪ್ಪುಗಟ್ಟೋ ಮಂಜು."

ನಾನು ತಲೆಯೆತ್ತಿ ನೋಡಿದೆ. ಶಿಲುಬೆ ಕಾಣುತ್ತಿತ್ತು. ಟ್ಯಾಂಕು ಕಾಣುತ್ತಿತ್ತು. ನದಿಯ ಮೇಲ್ಗಡೆ ಅವಳ ಅಪ್ಪನ ಚಪ್ಪರದ ಕಂಬಗಳನ್ನು ಎಣಿಸಬಹುದಾಗಿತ್ತು.

"ಯಂತ್ರದ ಕಣ್ಣಿಗೆ ಹಿಮ ಕಟ್ಟಿದೆ ಕಣೇ. ನಿನ್ನ ಚಪ್ಪರ ಅಲ್ಲಿದೆ ನೋಡು."

"ಕಾಣ್ತಿದೆ."

"ಮತ್ತೆ?"

"ಮುಂದಿನ ಸಾಲು ಬರಲಿ."

"ಸಾಲಿನ ಕೊನೇಲಿ ಡಾಲರ್ ಗುರುತು ಇದೆಯಾ ಇಲ್ವಾ? ಅದಿದ್ರೆ ಯಂತ್ರ ಕೆಟ್ಟಿದೆ ಅಂತ ನೀನೇ ಅಲ್ವಾ ಪಾಠ ಹೇಳಿದ್ದು?"

"ರಿಪೇರಿ ಬೇಕು ಅಂತ. ಆರು ವಾರದಿಂದ ಆ ಗುರುತು ಇದೆ. ಆರು ವಾರವೂ ಅದು ಹೇಳಿದ್ದು ಸರಿಯಾಗೇ ಇತ್ತು." ಅವಳು ನನ್ನ ಮುಖ ನೋಡಲಿಲ್ಲ. "ನಿಕಿಫರ್, ನನ್ನ ಕಣ್ಣಿಗೆ ಎಫಿಮ್ ಬೇಕು. ಬೇಕು ಅನ್ನೋ ಕಣ್ಣಿಗೆ ಮೂರು ಮೈಲಿ ಕಂಡೇ ಕಾಣುತ್ತೆ. ಅಂಥ ಕಣ್ಣನ್ನ ನಾನು ನಂಬಲ್ಲ. ಮೇಲೆ ಮಂಜಿದ್ದು ಡ್ರೋನ್ ಬಿದ್ರೆ ನಮ್ಮತ್ರ ಇನ್ನೊಂದಿಲ್ಲ."

ಇಷ್ಟು ಹೊತ್ತಿಗೆ ದಿಬ್ಬದ ಮೇಲೆ ಹತ್ತು ಹನ್ನೆರಡು ಜನ ಸೇರಿದ್ದರು. ಎಫಿಮ್‌ನ ಹೆಂಡತಿಯೂ ಇದ್ದಳು. ಫೀನಾಳ ಕೈ ಪೆಟ್ಟಿಗೆಯ ಮೇಲಿತ್ತು, ಬೆರಳು ಡ್ರೋನಿನ ರೆಕ್ಕೆ ಬಿಡಿಸುವಂತೆ ಹೋಗಿ ನಿಂತು ಮತ್ತೆ ಹೋಗುತ್ತಿತ್ತು. ನಾನು ಎರಡು ನಿಮಿಷ ಸುಮ್ಮನಿದ್ದಿದ್ದರೆ, ಅಥವಾ ಹತ್ತಿರ ಹೋಗಿ ಮೆಲ್ಲಗೆ ಕೇಳಿದ್ದರೆ, ಅವಳು ಹಾರಿಸುತ್ತಿದ್ದಳು ಎಂದು ನಾನು ನಂಬಿದ್ದೇನೆ. ನಾನು ಸುಮ್ಮನಿರುವ ಜಾತಿಯವನಲ್ಲ.

"ಆವತ್ತು ಕಿತ್ತಳೆಗೋಸ್ಕರ ಇಲ್ಲದ ಒಂದು ಮೈಲಿ ಬರೆದು ಕರ್ಟನ್ನ ಕೊಂದೆಯಲ್ಲ," ಅಂದೆ, ಎಲ್ಲರಿಗೂ ಕೇಳುವಂತೆ. "ಇವತ್ತು ನನ್ನ ಮಗನಿಗೆ ಇರೋ ಮೂರು ಮೈಲಿ ಕೊಡೋಕೆ ಆಗಲ್ವಾ ಒಂದು ಮೈಲಿ ಫೀನಾ?"

ಇಪ್ಪತ್ತೈದು ವರ್ಷ ತಾವು ಯಾವುದಕ್ಕೆ ನಗುತ್ತಿದ್ದೆವು ಎಂದು ಊರಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಫೀನಾ ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ಈಗಂತೂ ಆಗಲ್ಲ," ಅಂದಳು. "ಯಂತ್ರ ಹೇಳಲಿ. ನಾನು ಹೇಳಲ್ಲ."

ನಾನು ಕಿರುಚಿದೆ. ಬಯ್ಗುಳಕ್ಕೆ ಅವಳ ಅಪ್ಪನನ್ನು ಎಳೆತಂದೆ, ಸತ್ತ ಅವಳ ಗಂಡನನ್ನು ಎಳೆತಂದೆ. ಅವಳು ಮುಚ್ಚಳದ ಮೇಲೆ ಎರಡೂ ಕೈ ಊರಿಕೊಂಡು ಕೂತಿದ್ದಳು. ರೇಡಿಯೋದಲ್ಲಿ ಡೆಮೆಂಟಿ, "ಏನಾಯ್ತು, ಯಾವ ಕವಲು?" ಎಂದು ಕೇಳುತ್ತಲೇ ಇದ್ದ. ಕೊನೆಗೆ ಕಾಯಲಾರದೆ ಎಡಗವಲು ಹಿಡಿದ. ಬಾಯಲ್ಲಿದ್ದದ್ದೆಲ್ಲ ಖಾಲಿಯಾದ ಮೇಲೆ, ಅಂದರೆ ಇಪ್ಪತ್ತೈದು ನಿಮಿಷ ಆದ ಮೇಲೆ, ಯಂತ್ರದ ಕಣ್ಣನ್ನು ನಾನೇ ಒರೆಸಬಹುದು ಎಂದು ನನ್ನ ಮಂಡೆಗೆ ಹೊಳೆಯಿತು.

ಹಿಮಗಾಡಿ ಓಡಿಸಿಕೊಂಡು ಪಟ್ಟಿಗೆ ಹೋದೆ. ಬೇಲಿ ಹಾರಿದೆ. ಕಂಬದ ಎರಡು ತೋಳುಗಳ ತುದಿಯಲ್ಲಿ, ಗಾಜಿನ ಮುಂದೆ, ಬಿಳಿಯ ಹಿಮ ಮುಷ್ಟಿಗಾತ್ರ ಕಟ್ಟಿತ್ತು. ಕೈಗವಸು ತೆಗೆದು ಬರಿಗೈಯಲ್ಲಿ ಕೆರೆದೆ, ಎರಡು ಬೆರಳಿನ ಚರ್ಮ ಕಬ್ಬಿಣಕ್ಕೆ ಅಂಟಿಕೊಂಡು ಕಿತ್ತುಬಂತು. ಮುಟ್ಟಿದರೆ ಜೈಲು ಎಂದು ಬರೆದ ಹಲಗೆ ಅಲ್ಲೇ ಇತ್ತು. ಯಂತ್ರ ಹಿಂದಿನ ಹತ್ತು ನಿಮಿಷದ ಲೆಕ್ಕ ಹಾಕಿಯೇ ಬಾಯಿಬಿಡುವುದು, ಅದಕ್ಕೆ ಯಾರ ಮಗನ ಅವಸರವೂ ತಿಳಿಯದು. ದಿಬ್ಬಕ್ಕೆ ವಾಪಸು ಬಂದಾಗ ಹನ್ನೊಂದು ನಲವತ್ತೊಂಬತ್ತು. ಅವಳ ಫೋನು ಸದ್ದು ಮಾಡಿತು.

"ಹತ್ತು ಮೈಲಿ," ಎಂದು ಓದಿದಳು. ಎದ್ದು ನಿಂತಳು.

ಹಾರಿಸಿ ಒಂಬತ್ತೇ ನಿಮಿಷಕ್ಕೆ ಅವನು ಸಿಕ್ಕಿದ. ನಡುಗವಲಿನಲ್ಲಿ, ಗಾಡಿ ಮುಳುಗಿದ ಕಿಂಡಿಯಿಂದ ಅರವತ್ತು ಗಜ ಈಚೆ, ಮರಳುದಿಣ್ಣೆಯ ಮೇಲಿನ ಕುರುಚಲು ಗಿಡಗಳ ನಡುವೆ. ನೀರಿನಿಂದ ತಾನಾಗಿ ಮೇಲೆ ಬಂದಿದ್ದ. ಪರದೆಯ ಮೇಲೆ ಸುತ್ತಲ ಹಿಮಕ್ಕಿಂತ ಸ್ವಲ್ಪವೇ ಬೆಳ್ಳಗೆ ಒಂದು ಆಕಾರ. ಫೀನಾ ರೇಡಿಯೋದಲ್ಲಿ ಜಾಗ ಹೇಳಿದಳು, ಎರಡು ಸಲ, ನಿಧಾನವಾಗಿ, ತಪ್ಪಿಲ್ಲದೆ. ಎಡಗವಲಿನಿಂದ ತಿರುಗಿ ಬರಲು ಡೆಮೆಂಟಿಗೆ ಅರ್ಧ ಗಂಟೆ ಹಿಡಿಯಿತು.

ಆರೋಗ್ಯ ಕೇಂದ್ರದಲ್ಲಿ ಒಂದೂವರೆ ಗಂಟೆ ಎದೆ ಒತ್ತಿದರು, ಬೆಚ್ಚಗೆ ಮಾಡಿದರು. ಮೈ ಬೆಚ್ಚಗಾಗುವ ತನಕ ಸತ್ತ ಎನ್ನಬಾರದು ಎಂದು ಪೇಟೆಯ ಡಾಕ್ಟರು ಫೋನಿನಲ್ಲಿ ಹೇಳುತ್ತಲೇ ಇದ್ದರು. ಮೈ ಬೆಚ್ಚಗಾಯಿತು, ಅವನು ಏಳಲಿಲ್ಲ. ಡೆಮೆಂಟಿ ಆಮೇಲೆ ನನ್ನ ಹೆಂಡತಿಗೆ ಹೇಳಿದ್ದನ್ನು ನಾನು ಗೋಡೆಯಾಚೆಯಿಂದ ಕೇಳಿಸಿಕೊಂಡೆ. ತಾನು ತಲುಪಿದಾಗ ಎಫಿಮ್‌ನ ಕಂಕುಳಲ್ಲಿ ಇನ್ನೂ ಬಿಸಿ ಇತ್ತಂತೆ.

ವಾರದ ಮೇಲೆ ಪೊಲೀಸರು ಫೋನ್ ಮಾಡಿದರು. ಡ್ರೋನ್ ಯಾಕೆ ತಡವಾಯಿತು ಎಂದು ವರದಿಯಲ್ಲಿ ಬರೆಯಬೇಕು, ಹನ್ನೊಂದಕ್ಕೆ ಕಣ್ಣಿಗೆ ಎಷ್ಟು ಕಾಣುತ್ತಿತ್ತು? ಫೋನು ಪಂಚಾಯಿತಿಯ ಮೇಜಿನ ಮೇಲೆ ಜೋರಾಗಿ ಮಾತಾಡುತ್ತಿತ್ತು. ಒಂದು ಕಡೆ ನಾನು, ಒಂದು ಕಡೆ ಅವಳು.

"ಮಂಜಿತ್ತು," ಅಂದೆ ನಾನು. "ಏನೂ ಕಾಣ್ತಿರಲಿಲ್ಲ. ಅವಳ ತಪ್ಪಿಲ್ಲ."

"ಮೂರು ಮೈಲಿ ಕಾಣ್ತಿತ್ತು," ಅಂದಳು ಫೀನಾ. "ಹೆಚ್ಚೇ ಕಾಣ್ತಿತ್ತು. ಬರ್ಕೊಳ್ಳಿ. ಇನ್ನೊಂದಿದೆ, ಹಳೇದು, ಅದನ್ನೂ ಬರ್ಕೊಳ್ಳಿ." ಕರ್ಟನ ವಿಷಯ ತಾರೀಖು ಸಮೇತ ಹೇಳಿದಳು. ಅದರಲ್ಲಿ ನನ್ನ ಹೆಸರು ಎತ್ತಲಿಲ್ಲ. ನಾನೂ ಇದ್ದೆ ಎಂದು ಹೇಳಲು ಬಾಯಿ ತೆರೆದೆ, ಎಲ್ಲದಕ್ಕೂ ಬರುವ ಬಾಯಿ ಅದಕ್ಕೆ ಬರಲಿಲ್ಲ.

ಅವಳ ಲೈಸೆನ್ಸ್ ಯಾರೂ ಕಿತ್ತುಕೊಳ್ಳಲಿಲ್ಲ. ಅವಳೇ ಪೆಟ್ಟಿಗೆಯನ್ನು ಡೆಮೆಂಟಿಯ ಮನೆಗೆ ಹೊತ್ತುಕೊಂಡು ಹೋಗಿ ಇಟ್ಟು ಬಂದಳು. ಈಗ ಅವನಿಗೆ ಪಾಠ ಹೇಳುತ್ತಾಳೆ. ಯಂತ್ರದ ಸಾಲು ಓದು, ಆಮೇಲೆ ಫೋನ್ ಜೇಬಿಗೆ ಹಾಕಿ ಚಪ್ಪರ ನೋಡು ಎನ್ನುತ್ತಾಳಂತೆ.

ಎಫಿಮ್ ತೀರಿದ ನಲವತ್ತನೆಯ ದಿನದ ಊಟಕ್ಕೆ ಅವಳು ಹಣ್ಣು, ಕೊಬ್ಬು, ಮೀನು ಕಲಸಿದ ಅಕುತಾಕ್ ಮಾಡಿಕೊಂಡು ಬಂದಳು. ಮನೆ ತುಂಬ ಜನ. ನನ್ನೆದುರು ಬಟ್ಟಲಿಟ್ಟು ಅಲ್ಲೇ ನಿಂತಳು. ನಾನೇನಾದರೂ ಅನ್ನುತ್ತೇನೆಂದು ಎಲ್ಲರೂ ಕಾದರು.

"ಅನ್ನೋ," ಎಂದಳು ಮೆಲ್ಲಗೆ. "ಏನಾದ್ರೂ ಅನ್ನು. ಸಕ್ಕರೆ ಜಾಸ್ತಿ ಅನ್ನು, ಕೈ ಕೊಳಕು ಅನ್ನು. ನೀನು ಅನ್ನದಿದ್ರೆ ನಾನು ಈ ಊರಲ್ಲಿ ಹೆಂಗಿರ್ಲಿ?"

ನನಗೆ ಅನ್ನಬೇಕೆಂದೇ ಇತ್ತು. ಹುಡುಕಿದೆ. ಹುಡುಕಿದ ಕಡೆಯೆಲ್ಲ ಎಫಿಮ್‌ನ ಕಂಕುಳ ಬಿಸಿಯೇ ಕೈಗೆ ಸಿಕ್ಕಿತು.

"ಚೆನ್ನಾಗಿದೆ," ಅಂದೆ. "ತೊಂದರೆ ತಗೊಂಡು ಮಾಡಿದ್ದೀರಿ. ಕೂತ್ಕೊಳ್ಳಿ."

ಅವಳು ಉಡುಪಿನ ಜೇಬಿನೊಳಗೆ ಕೈ ತೂರಿಸಿಕೊಂಡಳು. ಆಮೇಲೆ, "ಆಗಲಿ, ನೀವು ಊಟ ಮಾಡಿ," ಎಂದು ಹೆಂಗಸರ ಕಡೆ ಹೋದಳು. ಅಂದಿನಿಂದ ನಾನೂ ಅವಳೂ ದಾರಿಯಲ್ಲಿ ಎದುರಾದರೆ ನಿಂತು, ಒಬ್ಬರ ಆರೋಗ್ಯ ಒಬ್ಬರು ವಿಚಾರಿಸಿ, ಮರ್ಯಾದೆಯಿಂದ ಮಾತಾಡುತ್ತೇವೆ.